ಬಿಗಿದ ಹಗ್ಗ ಮತ್ತು ನಮ್ಮ ದುಬಾಷಿಗಳು

ನಮ್ಮ ದುಬಾಷಿಗಳು ತೀರಿಕೊಂಡರೆಂದು ನನಗೆ ಹೇಳಿದವನು ಶಿರಾ ಕಡೆಯಿಂದ ಕಂಬಳಿ ಮಾರಲು ಬಂದಿದ್ದ ಒಬ್ಬ ಮುದುಕ. ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ಹೊರೆ ಇಳಿಸಿ, "ಮದ್ಲು ಇಲ್ಲಿ ನಿಂತ್ಕಂಡು ಎಲ್ಲಾರ ಮಾತ್ನೂ ಸಾಯೇಬ್ರಿಗೆ ಹೇಳೋರಲ್ಲ ಸ್ವಾಮಿ, ಆ ಅಯ್ನೋರು ಮೊನ್ನೆ ಸ್ವಾಮಾರ ಹೋಗ್ಬುಟ್ರು" ಅಂದ. ಊರು ಬಿಟ್ಟು ಹೋದರು ಎಂದೇ ನಾನು ತಿಳಿದೆ. "ಎಲ್ಲಿಗೆ?" ಎಂದು ಕೇಳಿಯೂ ಬಿಟ್ಟೆ. ಮುದುಕ ಕೈಯನ್ನು ಮೇಲಕ್ಕೆ ತೋರಿಸಿದ.

ಮಧುಗಿರಿಯ ಕೋರ್ಟಿನಲ್ಲಿ ಅವರ ಮೇಜಿನ ಎದುರು ಆರು ವರ್ಷ ಕೂತು ನಕಲು ಬರೆದವನು ನಾನು. ಕಾಗದದಲ್ಲಿ ಅವರ ಹುದ್ದೆಗೆ ಒಂದು ಇಂಗ್ಲಿಷ್ ಹೆಸರಿತ್ತು. ಊರಿಗೆ ಮಾತ್ರ ಅವರು ದುಬಾಷಿಗಳು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಇಲ್ಲಿಯೂ ಹೆಸರು ಬೇಡ. ಮಹಾರಾಜರ ಸರ್ಕಾರದ ಕಾಲ ಅದು. ಕೋರ್ಟಿನಲ್ಲಿ ದಾಖಲಾಗುವುದೆಲ್ಲ ಇಂಗ್ಲಿಷಿನಲ್ಲಿ. ಸಾಕ್ಷಿ ಹೇಳಲು ಬರುವವರೋ, ಪಾವಗಡದ ಕಡೆಯವರಾದರೆ ತೆಲುಗು, ಶಿರಾ ಪೇಟೆಯವರಾದರೆ ಉರ್ದು, ಕೊರಟಗೆರೆಯವರಾದರೆ ನಮ್ಮ ಕನ್ನಡ. ಇಷ್ಟನ್ನೂ ಅವರು ಇಂಗ್ಲಿಷಿಗೆ ತರಬೇಕು, ಇಂಗ್ಲಿಷನ್ನು ಇಷ್ಟಕ್ಕೂ ತಿರುಗಿಸಬೇಕು. ಕಟಕಟೆಗೂ ಮ್ಯಾಜಿಸ್ಟ್ರೇಟರ ಪೀಠಕ್ಕೂ ನಡುವೆ ಒಂದು ಮರದ ಮೆಟ್ಟಿಲಿತ್ತು. ಅದರ ಮೇಲೆ ನಿಲ್ಲುವರು. ಎಡಗೈ ಚಾಚಿದರೆ ಕಟಕಟೆಯ ಕಂಬಿ, ಬಲಗೈ ಚಾಚಿದರೆ ಪೀಠದ ಅಂಚು. ಬೆಳಗಿನಿಂದ ಸಂಜೆಯವರೆಗೆ ನಿಂತು ಕಾಲು ನಡುಗುತ್ತಿದ್ದರೂ ಅವರು ಎರಡರಲ್ಲಿ ಯಾವುದನ್ನೂ ಹಿಡಿದದ್ದನ್ನು ನಾನು ನೋಡಲಿಲ್ಲ.

ಸಾಕ್ಷಿ ಹೇಗೆ ಹೇಳಿದನೋ ಹಾಗೆಯೇ ಅವರು ಹೇಳುವರು. "ಅವನು ಕದ್ದೆ ಅನ್ನುತ್ತಾನೆ" ಎಂದಲ್ಲ, "ನಾನು ಕದ್ದೆ" ಎಂದೇ. ಹೊಸದಾಗಿ ಬಂದ ಜವಾನರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಬಿಳಿ ಪೇಟ, ಕಪ್ಪು ಕೋಟು, ಹಣೆಯಲ್ಲಿ ಗಂಧದ ಬೊಟ್ಟು ಇಟ್ಟ ಮನುಷ್ಯ, ಗಂಭೀರವಾಗಿ, "ನಾನು ಅವನ ಎರಡು ಕುರಿ ಕದ್ದು ತಿಂದೆ" ಎನ್ನುತ್ತಿದ್ದರೆ ಯಾರಿಗಾದರೂ ನಗು ಬರಬೇಕಾದದ್ದೇ. ಶಿರಾದ ಮುದುಕಿಯೊಬ್ಬಳು ಕಟಕಟೆಯಲ್ಲಿ ನಿಂತು ಎಲ್ಲರನ್ನೂ ಉರ್ದುವಿನಲ್ಲಿ ಬಾಯಿಗೆ ಬಂದಂತೆ ಬೈದಳು. "ಏನಂತೆ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಒಂದು ಬೈಗುಳವನ್ನೂ ಬಿಡದೆ, ಅದೇ ಗತ್ತಿನಲ್ಲಿ, ಅವರ ಮುಖಕ್ಕೇ "ನಿನ್ನ ಮನೆ ಹಾಳಾಗ" ಎಂಬಲ್ಲಿಯವರೆಗೆ ಇಂಗ್ಲಿಷಿನಲ್ಲಿ ಒಪ್ಪಿಸಿ, ಕೊನೆಗೆ ಸಣ್ಣಗೆ ತಲೆ ಬಾಗಿಸಿ ನಿಂತರು.

ಸಂಜೆ ಮನೆಗೆ ಹೊರಡುವ ಮುನ್ನ ಬಾವಿಕಟ್ಟೆಯ ಹತ್ತಿರ ನಿಂತು ಮೂರು ಸಲ ಬಾಯಿ ಮುಕ್ಕಳಿಸುವರು. ಯಾಕೆಂದು ನಾನೊಮ್ಮೆ ಕೇಳಿದೆ.

"ದಿನವೆಲ್ಲಾ ಕಂಡೋರ 'ನಾನು'ಗಳನ್ನ ಬಾಯಲ್ಲಿ ಇಟ್ಕೊಂಡಿರ್ತೀನಲ್ಲಪ್ಪಾ. ಮನೇಲಿ ಮಗಳಿದಾಳೆ. ಉಗುಳಿ ಹೋಗೋದು ಒಳ್ಳೇದು" ಅಂದರು.

ಹೆಂಡತಿ ತೀರಿಕೊಂಡ ಮೇಲೆ ಆ ಒಬ್ಬಳು ಮಗಳನ್ನು ಅವರೇ ಸಾಕಿದ್ದರು. ನಾನು ಸೇರಿದ ಮೂರನೇ ವರ್ಷ ಅವಳನ್ನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಗೆ, ಉಳುವ ಎತ್ತು, ನೀರಿರುವ ಬಾವಿ ಇದ್ದ ಮನೆಗೆ ಕೊಟ್ಟರು. ಮದುವೆಯ ದಿನ ನಗುನಗುತ್ತ ಓಡಾಡಿದವರು, ಮಾರನೆಯ ದಿನ ಮೆಟ್ಟಿಲ ಮೇಲೆ ನಿಂತಾಗ ಒಂದು ಸಾಧಾರಣ ಮಾತಿಗೆ ಇಂಗ್ಲಿಷ್ ಸಿಗದೆ ತಡವರಿಸಿದರು.

ಮೆಟ್ಟಿಲ ಮೇಲೆ ಅವರು ಯಾವಾಗಲೂ ಒಂದು ಕ್ಷಣ ತಡೆದೇ ಮಾತಾಡುತ್ತಿದ್ದರು; ಅದಕ್ಕೆ ಬೇರೊಂದು ಕಾರಣವಿತ್ತು. ಅದನ್ನು ಅವರು ನನಗೆ ಒಮ್ಮೆ ಮಾತ್ರ ಹೇಳಿದರು, ಮತ್ತೆ ಎತ್ತಲಿಲ್ಲ. ನಾನು ಬರುವ ಮುಂಚೆ, ಪಾವಗಡದಾಚೆಯ ಒಬ್ಬ ಕುರಿಗಾಹಿಯ ಮೇಲೆ ಕೊಲೆಯ ಆಪಾದನೆ ಬಂದಿತ್ತು. ಅವನ ಜೊತೆಗಾರ ಗುಡ್ಡದ ಕೆಳಗೆ ಸತ್ತು ಬಿದ್ದಿದ್ದ. ಕುರಿಗಾಹಿ ಕಟಕಟೆಯಲ್ಲಿ, "ವಾಡು ಪೋತಾಡನಿ ನಾಕು ಮುಂದೇ ತೆಲುಸು" ಅಂದ. ಅವನು ಹೋಗುತ್ತಾನೆಂದು ನನಗೆ ಮೊದಲೇ ಗೊತ್ತಿತ್ತು. ದುಬಾಷಿಗಳು ಅದನ್ನು ಇಂಗ್ಲಿಷಿನಲ್ಲಿ, ಅವನು ಸಾಯುತ್ತಾನೆಂದು ನನಗೆ ಮೊದಲೇ ಗೊತ್ತಿತ್ತು ಎಂದು ಹೇಳಿಬಿಟ್ಟರು. ತಿಂಗಳುಗಳಾದ ಮೇಲೆ ಅವನ ತಂಗಿ ಅಣ್ಣನ ಕಂಬಳಿ ಒಯ್ಯಲು ಬಂದಾಗ, ಆ ಜೊತೆಗಾರ ಕುರಿ ಬಿಟ್ಟು ಕೂಲಿಗೆ ಹೋಗುತ್ತೇನೆಂದು ದಿನಾ ಹೇಳುತ್ತಿದ್ದ ಸಂಗತಿ ತಿಳಿಯಿತು. ಕುರಿಗಾಹಿ ಕಟಕಟೆಯಲ್ಲಿ ಹೇಳಿದ್ದು ಅದನ್ನೇ. ಅಷ್ಟು ಹೊತ್ತಿಗೆ ಅವನು ತುಮಕೂರಿನಲ್ಲಿ ಶಿಕ್ಷೆಯಾಗಿ, ಜೈಲಿನಲ್ಲೇ ಜ್ವರ ಬಂದು ತೀರಿಕೊಂಡಿದ್ದ.

"ಅದೊಂದೇ ಮಾತಿಂದ ಶಿಕ್ಷೆ ಆಯ್ತು ಅಂತ ಹೇಗೆ ಹೇಳ್ತೀರಿ? ಬೇರೆ ಸಾಕ್ಷಿ ಇತ್ತಲ್ಲ?" ಅಂದೆ.

"ಇತ್ತು. ಆದರೆ ಆ ಮಾತು ನಂದು" ಅಂದರು.

ಒಂದು ದಿನ ಕೊರಟಗೆರೆಯ ಶಾನುಭೋಗರೊಬ್ಬರು ಸಾಕ್ಷಿಗೆ ಬಂದಿದ್ದರು. ಎರಡು ಕಡೆಯವರಿಗೂ ಬೇಕಾದವರು. ಯಾರಿಗೂ ನೋವಾಗದ ಹಾಗೆ ಹೌದು ಎಂದರೂ ಎನ್ನದ ಹಾಗೆ, ಇಲ್ಲ ಎಂದರೂ ಎನ್ನದ ಹಾಗೆ ಉತ್ತರ ಕೊಡುತ್ತಿದ್ದರು. ಮೈಸೂರಿನಿಂದ ಹೊಸದಾಗಿ ಬಂದಿದ್ದ ಮ್ಯಾಜಿಸ್ಟ್ರೇಟರಿಗೆ ರೇಗಿತು. "ಇವರು ಟೈಟ್‌ರೋಪ್ ಮೇಲೆ ನಡೆಯುತ್ತಿದ್ದಾರೆ. ಬೀಳುತ್ತಾರೆ ಅಂತ ಹೇಳಿ" ಎಂದರು. ದುಬಾಷಿಗಳು ಒಂದು ಕ್ಷಣ ಕಣ್ಣು ಮುಚ್ಚಿ, "ನೀವು ಬಿಗಿದ ಹಗ್ಗದ ಮೇಲೆ ನಡೀತಾ ಇದ್ದೀರಿ, ಬೀಳ್ತೀರಿ" ಅಂದರು. ಶಾನುಭೋಗರು ಪಂಚೆ ಸರಿಮಾಡಿಕೊಂಡು, "ಏನ್ ಸ್ವಾಮಿ, ನಾನೇನ್ ದೊಂಬನೇ?" ಎಂದು ಕೆರಳಿದರು. ಇಡೀ ಕೋರ್ಟು ನಕ್ಕಿತು.

ದುಬಾಷಿಗಳು ನಗಲಿಲ್ಲ. ಸಂಜೆ ಪುರಿ, ಹುರಿಗಡಲೆಯ ಪೊಟ್ಟಣ ನನ್ನ ಮುಂದೆ ಬಿಚ್ಚಿಟ್ಟು, ಅದೇ ಮಾತು ತೆಗೆದರು. "ಇಂಗ್ಲಿಷಿನವರಿಗೆ ಅದು ಮಾತಿನ ಮಾತಷ್ಟೆ. ಆ ಕಡೆಗೂ ವಾಲದ ಹಾಗೆ, ಈ ಕಡೆಗೂ ವಾಲದ ಹಾಗೆ, ಎಚ್ಚರ ತಪ್ಪಿದರೆ ಕೆಟ್ಟೆ ಅನ್ನೋ ಹಾಗೆ ಇರೋದು. ಕತ್ತಿಯ ಅಲಗಿನ ಮೇಲೆ ನಡೆಯೋದು ಅಂತ ನಾನು ಹೇಳಬಹುದಿತ್ತು. ಸರಿಹೋಗಲ್ಲ ಅನ್ನಿಸ್ತು. ಅಲಗು ಕಾಲನ್ನ ಕುಯ್ಯುತ್ತೆ. ಹಗ್ಗ ಏನೂ ಮಾಡಲ್ಲ. ಮೇಲಿರೋಳು ಅದನ್ನ ನಂಬಿರ್ತಾಳೆ. ಆ ಹಗ್ಗ ಎಳೆದು ಕಟ್ಟಿದೋನು ಕೆಳಗಿರ್ತಾನೆ ನೋಡಿ, ಅವನ ಕೈಲಿರುತ್ತೆ ಎಲ್ಲ. ಇಂಗ್ಲಿಷಿನಲ್ಲಿ ಅವನ ಸುದ್ದಿಯೇ ಬರಲ್ಲ."

ಅವರು ಹಾಗೆ ಹೇಳಿ ಒಂದು ವರ್ಷ ಕಳೆದಿರಬಹುದು. ಬೇಸಗೆ. ಪಾವಗಡದಿಂದ ಪೊಲೀಸರು ಒಬ್ಬ ದೊಂಬರವನನ್ನು ಕೈಗೆ ಹಗ್ಗ ಹಾಕಿ ಕರೆತಂದರು. ಮೂವತ್ತರ ಆಸುಪಾಸು, ಧೂಳು ಹಿಡಿದ ಗಡ್ಡ, ಕಾಲಲ್ಲಿ ಬೊಬ್ಬೆ. ಒಂದು ಹಳ್ಳಿಯ ಬತ್ತಿದ ಕೆರೆಯ ಅಂಗಳದಲ್ಲಿ ಅವನ ಹೆಂಡತಿ ಹಗ್ಗದ ಮೇಲೆ ನಡೆಯುವಾಗ ಗೂಟ ಕಿತ್ತು ಬಂದು ಬಿದ್ದಿದ್ದಳು. ಹಗ್ಗಕ್ಕೆ ಆಸರೆಯಾಗಿದ್ದ ಬಿದಿರುಗಳಿಗೇ ಕಂಬಳಿ ಕಟ್ಟಿ, ಅವಳನ್ನು ಮಲಗಿಸಿ, ಅವನೂ ಅವನ ತಮ್ಮನೂ ಹೊತ್ತುಕೊಂಡು ಪಾವಗಡದ ಆಸ್ಪತ್ರೆಗೆ ನಡೆದಿದ್ದರು. ಮಾರನೆಯ ಮಧ್ಯಾಹ್ನ ಅವಳು ಸತ್ತಳು. ಅವತ್ತೇ ಆ ಊರಿನ ಪಟೇಲರು ಠಾಣೆಗೆ ಬರೆದುಕೊಟ್ಟರು: ಗಂಡ ಹೆಂಡತಿಗೆ ಜಗಳವಿತ್ತು, ಇವನು ಬೇಕೆಂದೇ ಹಗ್ಗ ಸಡಿಲಿಸಿ ಕೊಂದ. ನೋಡಿದವರು ನಾಲ್ಕು ಜನ. ಇದನ್ನು ಕೊಲೆಯೆಂದು ತುಮಕೂರಿನ ಮೇಲಿನ ಕೋರ್ಟಿಗೆ ಒಪ್ಪಿಸಬೇಕೇ ಬೇಡವೇ ಎಂಬುದನ್ನು ನಮ್ಮ ಮ್ಯಾಜಿಸ್ಟ್ರೇಟರು ತೀರ್ಮಾನಿಸಬೇಕಿತ್ತು.

ವಿಚಾರಣೆಯ ಹಿಂದಿನ ದಿನ ಪಟೇಲರು ನಮ್ಮ ಕೋಣೆಗೆ ಬಂದರು. ಕೆಂಪು ಅಂಚಿನ ವಲ್ಲಿ, ಬೆಳ್ಳಿ ಕಟ್ಟಿನ ಬೆತ್ತ, ಮೆಲುದನಿ. ಬಾಗಿಲಲ್ಲೇ ಕೈ ಮುಗಿದು, ನಾನು ಕೊಟ್ಟ ಸ್ಟೂಲಿನ ಮೇಲೆ ಕೂತರು.

"ದುಬಾಸಿಗಳು ಚೆನ್ನಾಗಿದೀರಾ?"

"ಇದೀನಿ."

"ನಿಮ್ ಮಗ್ಳುನ್ನ ನಮ್ ಹೋಬ್ಳೀಗೇ ಕೊಟ್ಟಿದೀರಂತಲ್ಲ. ನಂಗೆ ಮೊನ್ನೆ ಗೊತ್ತಾಯ್ತು ನೋಡಿ. ಬಾವಿತಾವ ಕಂಡೆ. ಒಬ್ಳೇ ನೀರ್ ಸೇದ್ತಾ ಇದ್ಲು. ಒಳ್ಳೆ ಹುಡ್ಗಿ ಕಣ್ರಪ್ಪ. ಸುಖವಾಗವ್ಳೆ."

ದುಬಾಷಿಗಳು ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟರು. ಪಟೇಲರು ಎದ್ದರು.

"ಏನೂ ಇಲ್ಲ, ಸುಮ್ಕೆ ಮಾತಾಡ್ಸಣಾಂತ ಬಂದೆ. ನಮ್ಮೋರು, ನಾವು ನೋಡ್ಕಳ್ದೆ ಇನ್ಯಾರು ನೋಡ್ಕಂಡಾರು?" ನನ್ನ ಕಡೆ ತಿರುಗಿ, "ನೀವು ಪಾವಗಡ್ದೋರೇ ಅಲ್ವಾ? ಕೋಟೆ ಕೆಳುಗ್ಲ ಬೀದಿ. ನಿಮ್ ತಾಯೋರು ಗೊತ್ತು ನಂಗೆ" ಎಂದರು.

ಅವರು ಹೋದ ಮೇಲೆ ನಾನು ಮೂರು ಹಾಳೆ ನಕಲು ತಪ್ಪಾಗಿ ಬರೆದೆ. ದುಬಾಷಿಗಳು ಮಾತ್ರ ಕಿಟಕಿಯಲ್ಲಿ ಕಾಣುವ ಬೆಟ್ಟವನ್ನು ನೋಡುತ್ತ ಕೂತರು. ಹೊರಡುವಾಗ ಬಾಯಿ ಮುಕ್ಕಳಿಸುವುದನ್ನೂ ಮರೆತರು.

ಮಾರನೆಯ ದಿನ ಪಟೇಲರ ನಾಲ್ಕು ಸಾಕ್ಷಿಗಳೂ ಒಂದೇ ಮಾತನ್ನು ಒಂದೇ ಕ್ರಮದಲ್ಲಿ ಹೇಳಿದರು. ಜಗಳ ಕಂಡೆವು, ಇವನು ಗೂಟದ ಹತ್ತಿರ ಬಗ್ಗಿದ್ದು ಕಂಡೆವು. ಬಿಸಿಲಿಗೆ ಕೋರ್ಟಿನ ಹೆಂಚು ಸಿಡಿಯುತ್ತಿತ್ತು. ಮಧ್ಯಾಹ್ನ ದೊಂಬರವನನ್ನು ಕಟಕಟೆಗೆ ಹತ್ತಿಸಿದರು. ಅವನ ಪರವಾಗಿ ವಕೀಲರಿರಲಿಲ್ಲ. ಹೇಳುವುದೇನಾದರೂ ಇದೆಯೇ ಎಂದು ಮ್ಯಾಜಿಸ್ಟ್ರೇಟರು ಕೇಳಿಸಿದರು.

"ತಾಡು ನೇನೇ ಇಡಿಸ್ತಿನಿ ಸಾಮಿ" ಅಂದ.

ಹಗ್ಗ ನಾನೇ ಬಿಟ್ಟೆ. ನಮ್ಮ ಕನ್ನಡದ 'ಬಿಟ್ಟೆ'ಯ ಹಾಗೆಯೇ ಆ ತೆಲುಗು ಮಾತು. ಬಿಚ್ಚಿಬಿಟ್ಟೆ ಎಂದೂ ಆಗುತ್ತದೆ, ಕೈ ಜಾರಿ ಬಿಟ್ಟೆ ಎಂದೂ ಆಗುತ್ತದೆ, ಅದರ ಪಾಡಿಗೆ ಅದನ್ನು ಬಿಟ್ಟು ಹೋದೆ ಎಂದೂ ಆಗುತ್ತದೆ. ದುಬಾಷಿಗಳು ಬಾಯಿ ತೆರೆದು, ಮತ್ತೆ ಮುಚ್ಚಿದರು. ಆಮೇಲೆ ಮ್ಯಾಜಿಸ್ಟ್ರೇಟರಿಗೆ, "ಮಹಾಸ್ವಾಮಿ, ಈ ಮಾತಿಗೆ ಮೂರು ಅರ್ಥ ಇದೆ. ಯಾವುದು ಅಂತ ಕೇಳಲು ಅಪ್ಪಣೆಯಾಗಬೇಕು" ಎಂದರು. ಸರ್ಕಾರದ ಪರ ನಿಂತಿದ್ದ ಪೊಲೀಸ್ ಇನ್‌ಸ್ಪೆಕ್ಟರು ಆಕ್ಷೇಪಿಸಿದರು. ಮ್ಯಾಜಿಸ್ಟ್ರೇಟರು ಬೇಸರದಿಂದ, "ಆಗಲಿ, ಹಗ್ಗ ಹೇಗೆ ಬಿಟ್ಟೆ ಅಂತ ನಾನೇ ಕೇಳುತ್ತಿದ್ದೇನೆ. ಕೇಳಿ" ಎಂದರು.

ದುಬಾಷಿಗಳು ಕೇಳಿದರು. ತುಂಬ ಮೆಲ್ಲಗೆ, ಮಗುವನ್ನು ಕೇಳುವ ಹಾಗೆ ಕೇಳಿದರು. ಅವನು ತಲೆಯೆತ್ತಿದ. ಎದುರಿಗೆ ಕೂತಿದ್ದ ಪಟೇಲರನ್ನು ನೋಡಿದ. ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು ತಲೆಯನ್ನು ಅದಕ್ಕೆ ಬಡಿದುಕೊಂಡು, "ದಾನ್ನಿ ನೇನೇ ಸಂಪಿತಿನಿ ಸಾಮಿ, ನೇನೇ ಸಂಪಿತಿನಿ" ಎಂದು ಹೋ ಎಂದು ಅತ್ತ.

ಅವಳನ್ನು ನಾನೇ ಕೊಂದೆ. ಈ ಮಾತಿಗೆ ಎರಡು ಅರ್ಥವಿಲ್ಲ.

ನನ್ನ ಕೈಯಲ್ಲಿದ್ದ ಲೇಖನಿ ನಿಂತಿತು. ಪಟೇಲರು ಬೆತ್ತವನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡರು. ದುಬಾಷಿಗಳು ಅವನ ತಲೆಯನ್ನೇ ನೋಡುತ್ತಿದ್ದರು.

"ಏನು ಹೇಳಿದ?" ಎಂದರು ಮ್ಯಾಜಿಸ್ಟ್ರೇಟರು.

"ಅವನು ಅಳುತ್ತಿದ್ದಾನೆ ಮಹಾಸ್ವಾಮಿ. ತಾನು ಬಿಟ್ಟು ಹೋದದ್ದರಿಂದ ಅವಳು ಸತ್ತಳು ಎನ್ನುತ್ತಾನೆ."

ಆರು ವರ್ಷದಲ್ಲಿ ಅವರ ಬಾಯಲ್ಲಿ, ಕಟಕಟೆಯಲ್ಲಿರುವವನ ಬಗ್ಗೆ, 'ಅವನು' ಎಂಬ ಮಾತನ್ನು ನಾನು ಕೇಳಿದ್ದು ಅವತ್ತು ಮಾತ್ರ. ಇನ್‌ಸ್ಪೆಕ್ಟರು ಬಗ್ಗಿ ಅದನ್ನು ಕನ್ನಡದಲ್ಲಿ ಕಿವಿಗೆ ಹಾಕಿದ್ದೇ ತಡ, ಪಟೇಲರು ಎದ್ದು ನಿಂತರು. "ತೆಪ್ಪು ಸ್ವಾಮಿ! ಅಂಗಂದಿಲ್ಲ ಅವ್ನು. ಕೊಂದೆ ಅಂದ. ಬಾಯ್ಬಿಟ್ಟು ಅಂದ. ನಮ್ಗೂ ಬತ್ತದೆ ತೆಲುಗು."

ಮ್ಯಾಜಿಸ್ಟ್ರೇಟರು ದುಬಾಷಿಗಳ ಮುಖ ನೋಡಿದರು, ಆಮೇಲೆ ಮೇಜುಗಳ ಮೇಲೆಲ್ಲ ಕಣ್ಣಾಡಿಸಿ ನನ್ನ ಬಳಿ ನಿಲ್ಲಿಸಿದರು. "ನೀವು ಪಾವಗಡದವರಲ್ಲವೇ? ಎದ್ದು ನಿಲ್ಲಿ. ಅವನು ಏನೆಂದ?"

ನಾನು ಎದ್ದು ನಿಂತೆ. ಕೊಂದೆ ಅಂದ ಎನ್ನಬಹುದಿತ್ತು. ದುಬಾಷಿಗಳು ಹೇಳಿದ್ದೇ ಅವನ ಮಾತಿನ ಭಾವ ಎನ್ನಬಹುದಿತ್ತು. ಅವರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಏನಾಗುತ್ತಿತ್ತೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಪಟೇಲರು ತಿರುಗಿದ್ದರು.

"ಬರೆಯುತ್ತಿದ್ದೆ ಮಹಾಸ್ವಾಮಿ. ಸರಿಯಾಗಿ ಕೇಳಿಸಲಿಲ್ಲ" ಅಂದೆ.

ದುಬಾಷಿಗಳು ಆಗ ಒಂದು ಕೆಲಸ ಮಾಡಿದರು. ಮೆಟ್ಟಿಲಿಂದ ಇಳಿದು ನೆಲದ ಮೇಲೆ ನಿಂತು, ಪೇಟ ಸರಿಮಾಡಿಕೊಂಡು ಹೇಳಿದರು. "ಪಟೇಲರು ಹೇಳಿದ್ದು ನಿಜ. ಅವನ ಬಾಯಿಂದ ಬಂದ ಮಾತು, ನಾನೇ ಕೊಂದೆ ಎಂಬುದೇ. ನಾನು ಅದನ್ನು ಬದಲಾಯಿಸಿದೆ. ಪ್ರಮಾಣ ಮಾಡಿದವನು, ಬದಲಾಯಿಸಬಾರದಿತ್ತು. ಆದರೆ ಹೆಂಡತಿ ಸತ್ತವನು ಹಾಗೆ ಅನ್ನುತ್ತಾನೆ. ನನ್ನ ಹೆಂಡತಿ ತೀರಿಕೊಂಡಾಗ ನಾನೂ ಅಂದಿದ್ದೆ. ನನಗೆ ಏನಾದರೂ ಶಿಕ್ಷೆಯಾಗಲಿ. ಅವನು ಹಗ್ಗ ಬಿಟ್ಟು ಎಲ್ಲಿಗೆ ಹೋದ, ಯಾಕೆ ಹೋದ ಎಂದು ದಯಮಾಡಿ ಕೇಳಿಸಬೇಕು. ನಾನು ಬೇಡ. ಬೇರೆಯವರಿಂದ ಕೇಳಿಸಿ."

ಬೇರೆ ಯಾರಿದ್ದರು? ನಾನೇ ಆ ಮೆಟ್ಟಿಲು ಹತ್ತಿ ಕೇಳಬೇಕಾಯಿತು. ದೊಂಬರವನು ಅಳು ನಿಲ್ಲಿಸಿ, ಮೂಗೊರೆಸಿಕೊಂಡು ಹೇಳಿದ. ಕೆರೆಯಂಗಳದ ಮಣ್ಣು ಸಡಿಲ. ಗೂಟ ನಿಲ್ಲದು. ಅದಕ್ಕೇ ಆಟದ ಉದ್ದಕ್ಕೂ ಅದರ ಮೇಲೆ ಕಾಲಿಟ್ಟು, ಹಗ್ಗವನ್ನು ಸೊಂಟಕ್ಕೆ ಸುತ್ತಿ ಹಿಡಿದಿದ್ದ. ಅವಳು ಹಗ್ಗದ ನಡುವೆ ಇದ್ದಾಗ, "ಪಟೇಲಪ್ಪ ವಚ್ಚೆ. ದಂಡಂ ಪೆಟ್ಟೇಕಿ ಪೋತಿನಿ." ಪಟೇಲಪ್ಪ ಬಂದರು, ನಮಸ್ಕಾರ ಮಾಡಲು ಹೋದೆ. ಪಟೇಲರು ಕುದುರೆಯ ಮೇಲೆ ಬಂದಿದ್ದರು. ಬಂದವರಿಗೆ ಎದ್ದು ಬಂದು ಅಡ್ಡ ಬೀಳಲಿಲ್ಲವೆಂದು ಅವರ ಆಳು ಗದರಿಸಿದ. ಆಟ ಮುಗಿಯಲಿ ಸಾಮಿ ಅಂದರೆ ಕೇಳಲಿಲ್ಲ. ಸೊಂಟದ ಹಗ್ಗ ಬಿಚ್ಚಿ, ಗೂಟಕ್ಕೆ ಸುತ್ತಿ, ಓಡಿ ಹೋಗಿ ಹಣೆ ನೆಲಕ್ಕೆ ಹಚ್ಚಿದ. ತಲೆ ಎತ್ತುವಷ್ಟರಲ್ಲಿ ಸದ್ದು ಕೇಳಿಸಿತು.

ನಾನು ಅದನ್ನು ಮಾತಿಗೆ ಮಾತು ಇಂಗ್ಲಿಷಿನಲ್ಲಿ ಹೇಳಿದೆ. ಮ್ಯಾಜಿಸ್ಟ್ರೇಟರು ಮತ್ತೆ ಆ ನಾಲ್ವರು ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆದು, ಆಗ ಪಟೇಲರು ಎಲ್ಲಿದ್ದರು ಎಂದು ಕೇಳಿದರು. ನಾಲ್ಕು ಜನ ನಾಲ್ಕು ಕಡೆ ತೋರಿಸಿದರು. ಕೊಲೆಯ ಆಪಾದನೆ ಬಿದ್ದುಹೋಯಿತು. ಅಜಾಗರೂಕತೆಗೆಂದು ದೊಂಬರವನಿಗೆ ಕೆಲವು ತಿಂಗಳ ಸಜೆ ಆಯಿತು. ಪಟೇಲರಿಗೆ ಏನೂ ಆಗಲಿಲ್ಲ. ಹೊರಗೆ ಬಂದು ಜೋಡು ಮೆಟ್ಟಿಕೊಳ್ಳುವಾಗ ಅವರು ದುಬಾಷಿಗಳಿಗೆ ಮೊದಲಿನಷ್ಟೇ ನಯವಾಗಿ ಕೈ ಮುಗಿದರು.

ಪ್ರಮಾಣಕ್ಕೆ ತಪ್ಪಿದರೆಂದು ದುಬಾಷಿಗಳನ್ನು ಕೆಲಸದಿಂದ ತೆಗೆದರು. ವಿಚಾರಣೆಯಲ್ಲಿ ಅವರು ಒಂದನ್ನೂ ಅಲ್ಲಗಳೆಯಲಿಲ್ಲ. ಅತ್ತ ಮಗಳ ಊರಿನಲ್ಲಿ ಯಾರೂ ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ಆ ಮನೆಗೆ ಕೂಲಿಯವರು ಬರುವುದು ನಿಂತಿತು. ಮಡಿವಾಳ ಬರುವುದು ನಿಂತಿತು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಉದುರಿತು. ಒಂದು ಬೆಳಗ್ಗೆ ಮಾವ ಸೊಸೆಯನ್ನು ಗಾಡಿಯಲ್ಲಿ ಮಧುಗಿರಿಗೆ ತಂದು ಇಳಿಸಿ, "ಸ್ವಲ್ಪ ದಿನ ಇಲ್ಲೇ ಇರ್ಲಿ, ಊರು ತಣ್ಣಗಾಗ್ಲಿ" ಎಂದು ಹೇಳಿ ಹೋದ. ಅವರ ಮನೆಯಿಂದ ಆಮೇಲೆ ಯಾರೂ ಬರಲಿಲ್ಲ. ತಂದೆ ಮಗಳು ಮನೆ ಖಾಲಿ ಮಾಡಿ, ಶಿರಾದಲ್ಲಿದ್ದ ದುಬಾಷಿಗಳ ಅಕ್ಕನ ಮನೆಗೆ ಹೋದರು. ದುಬಾಷಿಯ ಕೆಲಸ ನನಗೆ ಬಂತು. ಸಂಬಳ ಹೆಚ್ಚಾಯಿತೆಂದು ನನ್ನ ತಾಯಿ ಬೀದಿಗೆಲ್ಲ ಸಕ್ಕರೆ ಹಂಚಿದರು.

ನಾನು ಶಿರಾಕ್ಕೆ ಹೋಗಿ ಅವರನ್ನು ಕಂಡದ್ದು ಒಂದೇ ಸಲ. ಯುದ್ಧದ ಕಾಲ, ಇದ್ದಿಲು ಉರಿಸಿ ಓಡಿಸುವ ಬಸ್ಸು ದಾರಿಯಲ್ಲಿ ಮೂರು ಕಡೆ ನಿಂತಿತ್ತು. ಅವರು ಜಗಲಿಯ ಮೇಲೆ ಕೂತು, ಬಂದವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಪೇಟವಿರಲಿಲ್ಲ, ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿ ನಿಜವಾಗಿ ಸಂತೋಷಪಟ್ಟರು. ಪಕ್ಕದಲ್ಲಿ ಕೂರಿಸಿಕೊಂಡು, ಹೊಸ ಮ್ಯಾಜಿಸ್ಟ್ರೇಟರು ಹೇಗೆ, ಬಾವಿಯಲ್ಲಿ ನೀರಿದೆಯೇ ಎಂದೆಲ್ಲ ವಿಚಾರಿಸಿದರು. ಒಳಗೆ ಮಗಳು ಓಡಾಡುವ ಸದ್ದು ಕೇಳಿಸುತ್ತಿತ್ತು. ನಾನು ಹೊರಡಲು ಎದ್ದಾಗ, ಬರೆಯುತ್ತಿದ್ದ ಹಾಳೆಯಿಂದ ತಲೆಯೆತ್ತದೆ ಕೇಳಿದರು.

"ಆ ದಿನ ನಿಮಗೆ ಕೇಳಿಸಿತ್ತು, ಅಲ್ವೇ?"

"ಕೇಳಿಸಿತ್ತು."

"ಗೊತ್ತು. ತುಂಬ ದಿನದಿಂದ ಒಂದು ಕೇಳಬೇಕು ಅಂತಿದ್ದೆ. ಬೇಜಾರು ಮಾಡ್ಕೋಬೇಡಿ. ಕೇಳಿಸಲಿಲ್ಲ ಅಂದಿರಲ್ಲ, ಅದು ನನ್ನ ಉಳಿಸೋಕೆ ಅಂದದ್ದೋ, ನಿಮ್ಮನ್ನ ಉಳಿಸ್ಕೊಳ್ಳೋಕೆ ಅಂದದ್ದೋ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ಅರ್ಥ ತಿಳಿಯದ ಒಂದು ಮಾತನ್ನು ಸಾಕ್ಷಿಯ ಹತ್ತಿರ ಇನ್ನೊಮ್ಮೆ ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದರು. ನಾನು ಏನೋ ಹೇಳಲು ಹೋದೆ. ಅಷ್ಟರಲ್ಲಿ ಮಗಳು ಮಜ್ಜಿಗೆ ತಂದು ಕೊಟ್ಟಳು. ಕುಡಿದೆ. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಕೈ ಮುಗಿದು ಬಂದುಬಿಟ್ಟೆ. ಅವರು ಬೀದಿಯ ತಿರುವಿನವರೆಗೂ ಬಂದು ಕಳಿಸಿದರು, ಮತ್ತೆ ಕೇಳಲಿಲ್ಲ.

ಕಂಬಳಿಯ ಮುದುಕ ಹೊರೆ ಹೊತ್ತು ಹೋದ ಮೇಲೆ ನಾನು ಹುಣಸೆಮರದ ಕೆಳಗೇ ನಿಂತಿದ್ದೆ. ಒಳಗಿಂದ ಜವಾನ ಎರಡು ಸಲ ಕೂಗಿದ. ಹೇಳಬೇಕಾಗಿದ್ದುದು ಒಂದೇ ಮಾತು: ನನ್ನನ್ನು ಉಳಿಸಿಕೊಳ್ಳುವುದಕ್ಕೆ.